ವಾಯಿದೆಗೊಂದು ಚಳಿಗಾಲ

ಕೋರ್ಟಿನಲ್ಲಿ ವಾಯಿದೆ ಬೇಕೆಂದರೆ, ಅಂದರೆ ಕೇಸು ಮುಂದಕ್ಕೆ ಹೋಗಬೇಕೆಂದರೆ, ಕಾರಣ ಬೇಕು. ಜೂನ್, ಜುಲೈನಲ್ಲಿ ಮಳೆ ಇದೆ, ಸರಿ. ಮಾರ್ಚ್‌ನಲ್ಲಿ ತಲೆ ಕೆರೆದುಕೊಂಡು ಏನಾದರೂ ಹುಡುಕಬೇಕು. ಡಿಸೆಂಬರ್‌ನಲ್ಲಿ ಮಾತ್ರ ಆ ಕಷ್ಟವೇ ಇಲ್ಲ. ಕಾರಣಗಳು ತಾವೇ ಬಂದು ಕೋರ್ಟ್ ಹಾಲಿನ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತವೆ. ಮಲೆನಾಡಿನ ತಾಲೂಕು ಕೋರ್ಟೊಂದರಲ್ಲಿ ವಕೀಲಿ ಮಾಡಿಕೊಂಡಿರುವ ನನ್ನಂಥವನಿಗೆ ಇದಕ್ಕಿಂತ ನೆಮ್ಮದಿಯ ತಿಂಗಳಿಲ್ಲ.

ಮೊದಲು ಕೋಟಿನ ವಿಷಯ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟರೆ ಉಳಿದ ಕಡೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ. ಬಾರ್ ಕೌನ್ಸಿಲ್ ನಿಯಮದಲ್ಲೇ ಹಾಗಿದೆ. ವಕೀಲರಿಗೂ ಸೆಕೆಯಾಗುತ್ತದೆ ಎಂದು ದೆಹಲಿಗೆ ಗೊತ್ತಾಗಿದೆ, ಸಂತೋಷ. ಚಳಿಯಾಗುತ್ತದೆ ಎಂಬುದು ದೆಹಲಿಗೆ ನಮಗಿಂತ ಚೆನ್ನಾಗಿ ಗೊತ್ತಿರಬೇಕು. ಆದರೆ ನಿಯಮದಲ್ಲಿ ಅದರ ಸುದ್ದಿಯಿಲ್ಲ. ಅಚ್ಕನ್ ಹಾಕಬಹುದು, ಚಪ್ಕನ್ ಹಾಕಬಹುದು, ಕರಿ ಶೇರ್ವಾನಿಯನ್ನೂ ಹಾಕಬಹುದು. ನಮ್ಮೂರಲ್ಲಿ ಶೇರ್ವಾನಿ ಹಾಕಿ ಬಸ್ಸಿಳಿದರೆ ಮದುಮಗ ದಾರಿ ತಪ್ಪಿದ್ದಾನೆ ಎಂದುಕೊಂಡು ಛತ್ರದ ದಾರಿ ತೋರಿಸುತ್ತಾರೆ. ಪಂಚೆ ಆಗುತ್ತದೆ, ಜೀನ್ಸ್ ಆಗೋದಿಲ್ಲ. ಸ್ವೆಟರ್? ಮಫ್ಲರ್? ಮಂಕಿ ಕ್ಯಾಪ್? ಅದಕ್ಕೆ ನಿಯಮ ಬಾಯಿಯೇ ಬಿಡುವುದಿಲ್ಲ. ಹಿರಿಯ ವಕೀಲರೊಬ್ಬರು ಒಂದು ಬೆಳಗ್ಗೆ ಮಂಕಿ ಕ್ಯಾಪ್ ತೆಗೆಯಲು ಮರೆತು ಎದ್ದು ನಿಂತರು. 'ಆರೋಪಿ ಪರ ವಕೀಲರೆಲ್ಲಿ?' ಎಂದು ಜಡ್ಜ್ ಸಾಹೇಬರು ಕೇಳಿದರು. 'ನಾನೇ ಸ್ವಾಮಿ.' 'ಓಹ್, ನಾನು ಆರೋಪಿ ಅಂದುಕೊಂಡಿದ್ದೆ.' ಕೇಸು ಮುಂದೂಡಿತು.

ಹೀಗೆ ಮುಂದೂಡುವುದನ್ನು ತಡೆಯಲು ಕಾನೂನು ಇಲ್ಲ ಎಂದುಕೊಳ್ಳಬೇಡಿ. ಭರ್ಜರಿಯಾಗಿಯೇ ಇದೆ. ಸಿವಿಲ್ ದಾವೆ ನಡೆಸುವ ಕಾನೂನಾದ ಸಿಪಿಸಿಯ ಆರ್ಡರ್ 17ಕ್ಕೆ 2002ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ, ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರು ಸಲಕ್ಕಿಂತ ಜಾಸ್ತಿ ವಾಯಿದೆ ಕೊಡುವ ಹಾಗಿಲ್ಲ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವೇ ಅಲ್ಲ ಎಂದೂ ಆ ಆರ್ಡರ್‌ನಲ್ಲಿ ಬರೆದಿದೆ. ಅದಕ್ಕೇ ನಮ್ಮಲ್ಲಿ ಹೊಸ ಜೂನಿಯರ್ ಬಾಯಿಪಾಠ ಮಾಡುವ ಮೊದಲ ವಾಕ್ಯ ಇದು: 'ಸೀನಿಯರ್ ಡಿಸ್ಟ್ರಿಕ್ಟ್ ಕೋರ್ಟಲ್ಲಿದ್ದಾರೆ ಸ್ವಾಮಿ.'

2005ರಲ್ಲಿ ಸೇಲಂ ವಕೀಲರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಕರುಣೆ ತೋರಿಸಿತು. ಕೈ ಮೀರಿದ ವಿಪತ್ತು ಬಂದಾಗ ನಾಲ್ಕನೆಯ ವಾಯಿದೆಗೂ ಅಡ್ಡಿಯಿಲ್ಲ ಎಂದಿತು. ಭೂಕಂಪ, ಸುನಾಮಿಯಂಥ ಉದಾಹರಣೆಗಳನ್ನೂ ಕೊಟ್ಟಿತು. ನಾವು ಅದೇ ಸಾಲಿಗೆ ನೆಗಡಿಯನ್ನು ಸೇರಿಸಿಕೊಂಡೆವು.

ಈಗ ನಮ್ಮ ಗೌಡರ ಕೇಸು ನೋಡಿ. ಅಣ್ಣ ತಮ್ಮಂದಿರ ಪಾಲಿನ ದಾವೆ. ಒಂದಿಷ್ಟು ಕಾಫಿ ತೋಟ, ನಡುವೆ ಒಂದು ಬಾವಿ, ಬಾವಿಯ ಮೇಲೆ ಒಂದು ಪಂಪ್‌ಸೆಟ್ಟು. ಜಗಳವೆಲ್ಲ ಪಂಪ್‌ಸೆಟ್ಟಿನದೇ, ತೋಟ ಸುಮ್ನೆ ಜೊತೆಗೆ ಬಂದಿದೆ. ಜಾಗ ಅಳತೆ ಮಾಡಿ ವರದಿ ಕೊಡಿ ಎಂದು ಕೋರ್ಟು ಸರ್ವೆಯರನ್ನು ಕಮಿಷನರ್ ಆಗಿ ನೇಮಿಸಿತು. ವರದಿ ಬರಲಿಲ್ಲ. ವಿಚಾರಿಸಲು ಹೋದೆ.

'ಬೆಳಗ್ಗೆ ಮಂಜು ಸಾರ್. ಬಾಂದುಕಲ್ಲು ಕಾಣಲ್ಲ.'

'ಮಂಜು ಹರಿದ ಮೇಲೆ?'

'ಮೀಟಿಂಗ್ ಇರುತ್ತೆ.'

'ಮೀಟಿಂಗ್ ಯಾರು ಕರೀತಾರೆ? ಸಾಹೇಬ್ರು ಬೆಳಗಾವಿಯಲ್ಲಿದ್ದಾರಲ್ಲ?'

'ಅದಕ್ಕೇ ವಿಡಿಯೋ ಮೀಟಿಂಗ್ ಸಾರ್.'

ಬೆಳಗಾವಿ ಎಂದೆನಲ್ಲ, ಚಳಿಗಾಲದ ಅಧಿವೇಶನಕ್ಕೆ ನಾವು ವಕೀಲರು ಎಷ್ಟು ಋಣಿಗಳಾಗಿದ್ದರೂ ಸಾಲದು. ಅಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರ ಅಕ್ಟೋಬರ್‌ನಲ್ಲಿ. ಆಮೇಲೆ ಸಾಮಾನ್ಯವಾಗಿ ಡಿಸೆಂಬರ್ ಬಂತೆಂದರೆ ಸರ್ಕಾರ ಕಡತಗಳನ್ನು ಕಟ್ಟಿಕೊಂಡು ಉತ್ತರಕ್ಕೆ ಹೊರಡುತ್ತದೆ. ಉತ್ತರ ಕರ್ನಾಟಕದ ಸಮಸ್ಯೆ ಎಷ್ಟು ಬಗೆಹರಿಯಿತೋ ಅಲ್ಲಿಯವರೇ ಹೇಳಬೇಕು. ನಮ್ಮ ತಾಲೂಕಿನ ಕ್ರಿಮಿನಲ್ ಕೇಸುಗಳಂತೂ ಆ ದಿನಗಳಲ್ಲಿ ಅಲುಗಾಡುವುದಿಲ್ಲ. ಸಾಕ್ಷಿ ಹೇಳಬೇಕಾದ ಪೊಲೀಸರು ಬೆಳಗಾವಿ ಬಂದೋಬಸ್ತ್‌ನಲ್ಲಿರುತ್ತಾರೆ. ಅಲ್ಲಿಂದ ವಾಪಸ್ ಬಂದರೆ ದತ್ತ ಜಯಂತಿ ಬಂದೋಬಸ್ತ್. ಅದೂ ಮುಗಿಯಿತೇ, ಹೊಸ ವರ್ಷದ ರಾತ್ರಿ ಹೋಂಸ್ಟೇಗಳಲ್ಲಿ ಕುಣಿಯುವವರಿಗೆ ಬಂದೋಬಸ್ತ್.

ಸಾಕ್ಷಿ ಬರದಿದ್ದರೇನು, ವಿಡಿಯೋ ಕಾನ್ಫರೆನ್ಸ್ ಇದೆಯಲ್ಲ ಎಂದು ಒಂದು ಸಲ ಪ್ರಯತ್ನವೂ ನಡೆಯಿತು. ಪರದೆ ಮೇಲೆ ಪಿಎಸ್‌ಐ ಸಾಹೇಬರು ಕಾಣಿಸಿಕೊಂಡರು. ಹಿಂದೆ ಯಾವುದೋ ಧರಣಿ. 'ಮಹಜರು ಎಲ್ಲಿ ಕೂತು ಬರೆದಿರಿ?' ಎಂದು ಕೇಳಿದೆ. ಸಾಹೇಬರ ತುಟಿ ಅಲ್ಲಾಡಿತು. ಸ್ಪೀಕರಿನಲ್ಲಿ ಬಂದದ್ದು 'ಬೇಕೇ ಬೇಕು, ನ್ಯಾಯ ಬೇಕು.' ಟೈಪಿಸ್ಟ್ ಬೆರಳು ಮೇಲೆತ್ತಿ ಜಡ್ಜ್ ಸಾಹೇಬರ ಮುಖ ನೋಡಿದಳು, ಇದನ್ನೂ ಸಾಕ್ಷಿಯ ಹೇಳಿಕೆಯಲ್ಲಿ ಸೇರಿಸಬೇಕೇ ಎಂಬಂತೆ. ನೆಟ್‌ವರ್ಕ್ ಹೋಗಿ ಎಲ್ಲರ ಮಾನ ಉಳಿಯಿತು.

ಎದುರು ಪಕ್ಷದ ವಕೀಲರು ಅಯ್ಯಪ್ಪ ಮಾಲೆ ಹಾಕಿದ್ದರು. ಕರಿ ಪಂಚೆ, ಕರಿ ಅಂಗಿ, ಮೇಲೆ ಕರಿ ಕೋಟು. ಅಡ್ಡ ಸವಾಲಿನಲ್ಲಿ ಸುಳ್ಳು ಸಾಕ್ಷಿಯನ್ನು ಗದರಿಸಬೇಕು, ಆದರೆ ವ್ರತದಲ್ಲಿ ಕೋಪ ಮಾಡಿಕೊಳ್ಳುವಂತಿಲ್ಲ. 'ಸ್ವಾಮಿ, ನೀವು ಹೇಳ್ತಿರೋದು ಸುಳ್ಳು ಸ್ವಾಮಿ' ಎಂದು ಸಾಕ್ಷಿಗೇ ಕೈ ಮುಗಿದರು. ಸಾಕ್ಷಿಯೂ ಮಾಲೆ ಹಾಕಿದ್ದ. 'ಸ್ವಾಮಿ ಶರಣಂ' ಎಂದ. ಸಂಕ್ರಾಂತಿ ಕಳೆಯಲಿ ಎಂದು ತಾರೀಖು ಬಿತ್ತು.

ತಾರೀಖು ಬೀಳುವುದೇನೋ ಬಿತ್ತು, ಬರೆದುಕೊಳ್ಳುವುದೆಲ್ಲಿ? ಡಿಸೆಂಬರ್‌ನಲ್ಲಿ ಕೊಡುವ ವಾಯಿದೆಗಳೆಲ್ಲ ಮುಂದಿನ ವರ್ಷಕ್ಕೆ. ಮುಂದಿನ ವರ್ಷದ ವಕೀಲರ ಡೈರಿ ಇನ್ನೂ ಕೈಗೆ ಬಂದಿರುವುದಿಲ್ಲ. ಹಳೇ ಡೈರಿಯ ಕೊನೆಯಲ್ಲಿ ರೈಲ್ವೆ ಟೈಂ ಟೇಬಲ್ ಪಕ್ಕದ ಖಾಲಿ ಜಾಗದಲ್ಲಿ, ಸಕ್ಕರೆ ಕಾಯಿಲೆಗೆ ಪಥ್ಯ ಎಂಬ ಪುಟದಲ್ಲಿ, ಯಾರದೋ ಮದುವೆ ಕಾಗದದ ಹಿಂದೆ ಬರೆದಿಡುತ್ತೇವೆ. ಹೊಸ ಡೈರಿಗೆ ಇಳಿಸುವಾಗ ಒಂದೆರಡು ಕೇಸು ಬಿಟ್ಟುಹೋಗುತ್ತವೆ. ಅವು ಗೈರುಹಾಜರಿಗೆ ವಜಾ ಆಗುತ್ತವೆ. ವಜಾ ಆದದ್ದನ್ನು ಎಬ್ಬಿಸಲು 30 ದಿನದೊಳಗೆ ಇನ್ನೊಂದು ಅರ್ಜಿ. ಆ ಅರ್ಜಿಗೂ ವಾಯಿದೆ ಬೇಕಲ್ಲ. ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇದೆ, ಮುಂದಿನ ತಾರೀಖು ಮನೆಯಲ್ಲೇ ಕೂತು ನೋಡಬಹುದು, ನಿಜ. ಆದರೆ ಗೌಡರಿಗೆ ಅದರ ಮೇಲೆ ನಂಬಿಕೆಯಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಕಂಬಳಿ ಹೊದ್ದು ಬಂದು, ಜವಾನ ಕೂಗಿದ ಮೇಲೆ ಕಟಕಟೆ ಹತ್ತಿರ ಅರೆ ನಿಮಿಷ ನಿಂತು ಹೋದರೇ ಅವರಿಗೆ ಸಮಾಧಾನ. ನನಗೂ ಅಷ್ಟೇ ಅನ್ನಿ. ವಾಯಿದೆ ಖರ್ಚನ್ನು ಆ್ಯಪ್ ಕೊಡೋದಿಲ್ಲವಲ್ಲ.

ವರ್ಷದ ಕೊನೆಗೆ ಎಲ್ಲ ಪಾಪ ತೊಳೆಯಲು ರಾಷ್ಟ್ರೀಯ ಲೋಕ ಅದಾಲತ್ ಬರುತ್ತದೆ. ವರ್ಷಕ್ಕೆ ನಾಲ್ಕು ಸಲ ನಡೆಯುವ ಇದರ ಕೊನೆಯದು ಡಿಸೆಂಬರ್‌ನಲ್ಲಿ. ಸಂಜೆ ಹೊತ್ತಿಗೆ ಇತ್ಯರ್ಥವಾದ ಕೇಸುಗಳ ಲೆಕ್ಕ ಹೊರಬೀಳುತ್ತದೆ. ಹೆಲ್ಮೆಟ್ ದಂಡ, ಬ್ಯಾಂಕ್ ಬಾಕಿ, ಚೆಕ್ ಬೌನ್ಸ್, ಕರೆಂಟ್ ಬಿಲ್ಲು, ಎಲ್ಲ ಸೇರಿ ದೊಡ್ಡ ಮೊತ್ತ. ಕೋರ್ಟಿಗೇ ಬರದ ವ್ಯಾಜ್ಯಗಳೂ ಅದರಲ್ಲಿರುತ್ತವೆ. ಹುಟ್ಟದ ಕೇಸನ್ನೇ ಮುಗಿಸುವ ಶಕ್ತಿ ಇರುವಾಗ ದೇಶದ ಕೆಳ ಕೋರ್ಟುಗಳಲ್ಲಿ 4 ಕೋಟಿಗೂ ಹೆಚ್ಚು ಕೇಸು ಯಾಕೆ ಬಾಕಿ ಇವೆ ಎಂದು ಕೇಳುವುದು ಸಭ್ಯತೆಯಲ್ಲ. ನಮ್ಮ ಅಣ್ಣತಮ್ಮಂದಿರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ತೋಟ ಪಾಲಾಯಿತು, ಬಾವಿಯೂ ಪಾಲಾಯಿತು. ಫೋಟೋಗೆ ಕೈ ಕುಲುಕುವಾಗ ತಮ್ಮ ಮೆಲ್ಲಗೆ ಕೇಳಿದ: 'ಪಂಪ್‌ಸೆಟ್ಟು?' ಅಣ್ಣ ಕೈ ಬಿಡಿಸಿಕೊಂಡರು. ಫೋಟೋ ಮಾತ್ರ ಚೆನ್ನಾಗಿ ಬಂತು.

ಡಿಸೆಂಬರ್ ಕೊನೆಯ ವಾರ ಕೋರ್ಟಿಗೇ ಚಳಿಗಾಲದ ರಜೆ. ಆ ಬಿಡುವಿನಲ್ಲಿ ಆರ್ಡರ್ 17 ತೆಗೆದು ಮತ್ತೆ ಓದಿದೆ. ಮೂರು ವಾಯಿದೆಯ ಮಿತಿ ಇರುವುದು ಪಕ್ಷಗಾರನಿಗೆ. ಸರ್ವೆಯರ್ ಪಕ್ಷಗಾರನಲ್ಲ, ಬೆಳಗಾವಿ ಪಕ್ಷಗಾರನಲ್ಲ, ಮಂಜಂತೂ ಅಲ್ಲವೇ ಅಲ್ಲ. ಅಂದರೆ ನಮ್ಮ ತಾಲೂಕಿನಲ್ಲಿ ಯಾರೂ ಕಾನೂನು ಮುರಿದೇ ಇಲ್ಲ! ಹಾಗಿದ್ದರೆ ಮಂಜನ್ನೇ ದಾವೆಯೊಳಗೆ ಎಳೆದರೆ ಹೇಗೆ? ಜನವರಿಯಲ್ಲಿ ಆರ್ಡರ್ 1, ರೂಲ್ 10ರ ಕೆಳಗೆ ಒಂದು ಅರ್ಜಿ ಹಾಕಿದೆ. 'ಮಂಜು, ವಯಸ್ಸು ತಿಳಿಯದು, ಕಸುಬು ತಡೆಯೊಡ್ಡುವುದು, ವಾಸ ವಾದಗ್ರಸ್ತ ತೋಟ' ಎಂದು ಬರೆದು, ಮೂರನೇ ಪ್ರತಿವಾದಿಯಾಗಿ ಸೇರಿಸಿಕೊಳ್ಳಬೇಕೆಂದು ಕೋರಿದೆ.

ಎದುರು ವಕೀಲರು ತಕರಾರು ಸಲ್ಲಿಸಲು ಕಾಲಾವಕಾಶ ಕೇಳಿದರು. ಸಿಕ್ಕಿತು. ಮಂಜಿಗೂ ನೋಟಿಸ್ ಹೋಯಿತು. ಮೊನ್ನೆ ನೋಟಿಸ್ ತಲುಪಿಸುವ ಅಮೀನರ ಷರಾ ಬಂದಿದೆ: 'ಬೆಳಗ್ಗೆ ಏಳಕ್ಕೆ ಹೋದಾಗ ಪ್ರತಿವಾದಿ ಹಾಜರಿದ್ದರು, ತೋಟ ಕಾಣಲಿಲ್ಲ. ಹತ್ತಕ್ಕೆ ಹೋದಾಗ ತೋಟ ಕಂಡಿತು, ಪ್ರತಿವಾದಿ ಇರಲಿಲ್ಲ. ನೋಟಿಸ್ ಜಾರಿಯಾಗಿಲ್ಲ.'

ಮತ್ತೆ ನೋಟಿಸ್ ಕಳಿಸಲು ಪ್ರೋಸೆಸ್ ಫೀ ಕಟ್ಟಿ ಎಂದಿದೆ ಕೋರ್ಟು. ಗೌಡರು ಜೇಬಿಗೆ ಕೈ ಹಾಕಿದರು. 'ಕಟ್ಟಿ ಲಾಯರ್ರೇ, ದುಡ್ಡಿನ ಚಿಂತೆ ಬೇಡ. ತಾರೀಖು ಮಾತ್ರ ಕಾಫಿ ಕೊಯ್ಲು ಮುಗಿದ ಮೇಲೆ ಹಾಕ್ಸಿ.'