ಬ್ರೋಷರ್ ರೇಂಜು, ರಸ್ತೆ ರೇಂಜು

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೋದವರಿಗೆ ಶೋರೂಮಿನ ಹುಡುಗ ರೇಂಜ್ ಅಂತ, ಅಂದರೆ ಒಂದು ಸಲ ಫುಲ್ ಚಾರ್ಜ್ ಮಾಡಿದರೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ ಅಂತ, ಎರಡು ಸಂಖ್ಯೆ ಹೇಳುತ್ತಾನೆ. ಮೊದಲನೆಯದನ್ನು ಜೋರಾಗಿ, ಎರಡನೆಯದನ್ನು ಅಡ್ವಾನ್ಸ್ ಕಟ್ಟಿಸಿಕೊಂಡ ಮೇಲೆ. 'ಐಡಿಸಿ ರೇಂಜ್ 140 ಸರ್. ರಸ್ತೇಲಿ ಒಂದು ನೂರು ಬರುತ್ತೆ.' ಮಿಕ್ಕ ನಲವತ್ತು ಎಲ್ಲಪ್ಪಾ ಅಂದರೆ 'ಅದು ಲ್ಯಾಬಲ್ಲಿ ಸರ್' ಎನ್ನುತ್ತಾನೆ. ಸುಳ್ಳಲ್ಲ. ಐಡಿಸಿ ಅಂದರೆ ಇಂಡಿಯನ್ ಡ್ರೈವಿಂಗ್ ಸೈಕಲ್, ಪ್ರಯೋಗಾಲಯದ ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ, ಚಕ್ರ ತಿರುಗಿಸಿ ತೆಗೆದ ಲೆಕ್ಕ ಅದು. ಅಲ್ಲಿ ಚಾಮುಂಡಿಬೆಟ್ಟದ ಏರಿಲ್ಲ, ರಸ್ತೆಯ ಹಂಪುಗಳಿಲ್ಲ, ದೇವರಾಜ ಮಾರುಕಟ್ಟೆಯ ಎರಡು ಚೀಲ ತರಕಾರಿ ಹಿಡಿದು ಹಿಂದೆ ಕೂತ ಭಾವಮೈದುನನೂ ಇಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಈ ಉದ್ಯಮದ ಸುತ್ತಮುತ್ತ ಎರಡನೇ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವವನು ಅವನೊಬ್ಬನೇ.

ಈ ಗಾಡಿಗಳ ಬ್ಯಾಟರಿಗೆ ಬೇಕಾದ ಲೋಹ ಲಿಥಿಯಂ. ನಮ್ಮ ಮಂಡ್ಯದ ಲಿಥಿಯಂ ಕತೆ ನೋಡಿ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣದ ಬಂಡೆಗಳಲ್ಲಿ ಲಿಥಿಯಂ ಇದೆ ಎಂಬ ಸುದ್ದಿ 2020ರ ಫೆಬ್ರುವರಿಯಲ್ಲಿ ಬಂದಾಗ ಹೊರಬಿದ್ದ ಸಂಖ್ಯೆ 14,100 ಟನ್. ಒಂದೇ ಬೆಳಗ್ಗೆ ಟೀ ಅಂಗಡಿಗಳಲ್ಲಿ ಮಂಡ್ಯ ದುಬೈ ಆಯಿತು. ಕಲ್ಲು ಜಮೀನು ಅಂತ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದವರು ಆ ಕಲ್ಲಿನ ಸರ್ವೆ ನಂಬರು ವಿಚಾರಿಸತೊಡಗಿದರು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ ಸಂಸತ್ತಿಗೆ ಬಂತು: 1,600 ಟನ್. ಅದೂ 'ಊಹಿತ' ದರ್ಜೆಯದು, ಮೇಲ್ಮೈ ಸರ್ವೆ ಮತ್ತು ಅಲ್ಪಸ್ವಲ್ಪ ಭೂಗರ್ಭ ಶೋಧದ ಮೇಲೆ ಕಟ್ಟಿದ್ದು. ನೂರಕ್ಕೆ ಹನ್ನೊಂದು! ಸ್ಕೂಟರ್ ಕಂಪನಿಯವರು ನೂರಕ್ಕೆ ಎಪ್ಪತ್ತಾದರೂ ಕೊಡುತ್ತಾರೆ.

ಆ ಹನ್ನೊಂದು ಕೂಡ ಪೆಗ್ಮಟೈಟ್ ಕಲ್ಲಿನ ಹೊಟ್ಟೆಯಲ್ಲಿದೆ. ಒಡೆದು, ಪುಡಿ ಮಾಡಿ, ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಹುರಿದು, ಆಸಿಡ್ಡಿಗೆ ಹಾಕಿ ಶುದ್ಧ ಮಾಡಿದ ಮೇಲಷ್ಟೇ ಅದು ಬ್ಯಾಟರಿಗೆ ಬರುವುದು. ಜಗತ್ತಿನಲ್ಲಿ ಆ ಶುದ್ಧೀಕರಣದ ಬಹುಪಾಲು ಚೀನಾದ ಕೈಯಲ್ಲಿದೆ. ಮೋಟಾರಿನ ಮ್ಯಾಗ್ನೆಟ್ಟೂ ಅವರದೇ. 2025ರ ಏಪ್ರಿಲ್‌ನಲ್ಲಿ ಅವರು ಆ ಮ್ಯಾಗ್ನೆಟ್ಟಿಗೆ ಬೇಕಾದ ಅಪರೂಪದ ಲೋಹಗಳ ರಫ್ತಿಗೆ ಲಗಾಮು ಹಾಕಿದಾಗ ನಮ್ಮ 'ಸ್ವಾವಲಂಬಿ' ಕಾರ್ಖಾನೆಗಳು ಕಂಗಾಲಾದವು. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅದಿರು ಸಿಕ್ಕಿತೆಂದು 2023ರಲ್ಲಿ ಡಂಗುರ ಸಾರಿದ್ದೂ ಆಯಿತು. ಹರಾಜು ಕೂಗಿದರೆ ಸಾಕಷ್ಟು ಬಿಡ್ಡುದಾರರೇ ಬರಲಿಲ್ಲ. ಮರಳಗಾಲದ ಬಂಡೆಗಳು ಸದ್ಯಕ್ಕೆ ಆಡು ಹತ್ತಲು ಉಪಯೋಗವಾಗುತ್ತಿವೆ.

ಸಬ್ಸಿಡಿಯ ಮಾತು ಹೆಚ್ಚು ಬೇಡ. ದ್ವಿಚಕ್ರಕ್ಕೆ ಬ್ಯಾಟರಿಯ ಒಂದೊಂದು ಯೂನಿಟ್ ಸಾಮರ್ಥ್ಯಕ್ಕೆ 2021ರಲ್ಲಿ 15,000 ರೂಪಾಯಿ, 2023ರಲ್ಲಿ 10,000, 2024ರಲ್ಲಿ 5,000, 2025ರಲ್ಲಿ 2,500. ಇಡೀ ವ್ಯವಹಾರದಲ್ಲಿ ಹೇಳಿದ ಹಾಗೆ ನಡೆದುಕೊಂಡದ್ದು ಈ ಇಳಿಜಾರೊಂದೇ.

ಈಗ ಚಾರ್ಜಿಂಗ್ ಸ್ಟೇಷನ್ನಿಗೆ ಬನ್ನಿ. ಮೈಸೂರಿನಲ್ಲಿ ನಾನು ನೆಚ್ಚಿಕೊಂಡಿದ್ದ ಒಂದಿದೆ, ಯಾರದು ಅಂತ ಕೇಳಬೇಡಿ. ಆಪ್‌ನಲ್ಲಿ ಅದು ಸದಾ ಹಸಿರು, 'ಲಭ್ಯವಿದೆ'. ಹೋಗಿ ನೋಡಿದರೆ ಅದರ ಮುಂದೆ ಒಂದು ಡೀಸೆಲ್ ಇನ್ನೋವಾ ನಿಂತಿರುತ್ತದೆ. ಚಾಲಕ ಸೀಟು ಮಲಗಿಸಿ ನಿದ್ದೆ ಹೊಡೆಯುತ್ತಿರುತ್ತಾನೆ. ಅವನನ್ನು ಎಬ್ಬಿಸಿ, ಕ್ಷಮೆ ಕೇಳಿ, ಗಾಡಿ ತೆಗೆಸಿ ಚಾರ್ಜರಿನ ಗನ್, ಅಂದರೆ ಗಾಡಿಗೆ ಚುಚ್ಚುವ ಪ್ಲಗ್, ಕೈಗೆತ್ತಿಕೊಂಡರೆ ಅದರ ಕೇಬಲ್ಲಿಗೆ ಹೂವಿನವಳು ತನ್ನ ಕೊಡೆ ಕಟ್ಟಿರುತ್ತಾಳೆ. ಅದನ್ನೂ ಬಿಚ್ಚಿದರೆ ಆಪ್ ಹೇಳುತ್ತದೆ: ವ್ಯಾಲೆಟ್ಟಿನಲ್ಲಿ ಕನಿಷ್ಠ ಇನ್ನೂರು ರೂಪಾಯಿ ಇರಲಿ. ಹಾಕಿದೆವು. ಒಟಿಪಿ ಬಂತು, ಒತ್ತಿದೆವು. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ಅಂದಿನ ಮಟ್ಟಿಗೆ ತಿರುಗಿದ ಚಕ್ರ ಅದೊಂದೇ. ಕೊನೆಗೆ ಬಂದ ಉತ್ತರ, 'ಸರ್ವರ್ ಸಂಪರ್ಕದಲ್ಲಿಲ್ಲ'. ಮುಂದಿನ ಸ್ಟೇಷನ್ನಿಗೆ ಬೇರೆ ಆಪ್, ಬೇರೆ ವ್ಯಾಲೆಟ್, ಬೇರೆ ಇನ್ನೂರು. ಕಾರಿನವರಾದರೂ ಸಿಸಿಎಸ್2 ಎಂಬ ಒಂದೇ ಗನ್ನಿಗೆ ಒಪ್ಪಿಕೊಂಡಿದ್ದಾರೆ. ಸ್ಕೂಟರಿನವರದು ಮನೆಗೊಂದು ದೇವರು.

ಇದೇ ಊರಿನಲ್ಲಿ ಭಾನುವಾರ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಂದೇ ಏಟಿಗೆ ಹೊತ್ತುತ್ತವೆ. ಒಂದಕ್ಕಾದರೂ ಒಟಿಪಿ ಕೇಳಿದ್ದು ನೋಡಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲೇ ಬೆಟ್ಟಗುಡ್ಡ ದಾಟಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಅದೇ ಸೀಮೆಯ ಕರೆಂಟು ಇವತ್ತು ಕಂಬದಿಂದ ಹತ್ತಡಿ ಆಚೆಯ ನನ್ನ ಸ್ಕೂಟರ್ ಮುಟ್ಟಲು ಸರ್ವರಿನ ಅಪ್ಪಣೆಗೆ ಕಾಯುತ್ತಿದೆ.

ಹಾಗಾದರೆ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಿ ಎನ್ನುತ್ತೀರಿ. ಜಾಣತನವೇ. ಆದರೆ ಮನೆಯಲ್ಲಿ ಗೃಹಜ್ಯೋತಿ ಇದೆಯಲ್ಲ! ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೆ. ಮಂಡ್ಯದಲ್ಲಿ ನಮ್ಮ ನೆಂಟರ ಹುಡುಗ ಊಟ ಡೆಲಿವರಿ ಕೆಲಸಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡ. ದಿನಕ್ಕೆ ಮೂರು ಯೂನಿಟ್ ಕುಡಿಸಿದರೆ ತೊಂಬತ್ತು ಕಿಲೋಮೀಟರ್ ಓಡುತ್ತದೆ. ಇಪ್ಪತ್ತು ರೂಪಾಯಿಯ ಆಸುಪಾಸಿನ ಕರೆಂಟು. ಅಷ್ಟೇ ದೂರಕ್ಕೆ ಪೆಟ್ರೋಲಾದರೆ ಇನ್ನೂರು ರೂಪಾಯಿ ಬೇಕು. ಇಡೀ ಉದ್ಯಮದ ಭವಿಷ್ಯವನ್ನು ಈ ಒಂದು ಲೆಕ್ಕ ಹೊತ್ತು ನಿಂತಿದೆ, ಇದರಲ್ಲಿ ನನಗೆ ತಕರಾರಿಲ್ಲ. ಆದರೆ ದಿನಕ್ಕೆ ಮೂರರಂತೆ ತಿಂಗಳಿಗೆ ತೊಂಬತ್ತು ಯೂನಿಟ್ ಆಯಿತು, 130ರಲ್ಲಿದ್ದ ಮೀಟರು 220ಕ್ಕೆ ಹೋಯಿತು, ಝೀರೋ ಬಿಲ್ ಬರುತ್ತಿದ್ದ ಮನೆಗೆ ಸಾವಿರ ದಾಟಿದ ಬಿಲ್ಲು ಬಂತು. ಅವನ ತಾಯಿ ಅಂಗಳದಲ್ಲೇ ಪಂಚಾಯ್ತಿ ಸೇರಿಸಿದರು.

'ತಿಂಗಳಿಗೆ ಪೆಟ್ರೋಲು ಆರು ಸಾವಿರ ಉಳಿತದೆ ಕಣವ್ವ.'

'ಪೆಟ್ರೋಲು ನಿನ್ ಜೋಬಿಂದು ಕಣ್ಲಾ, ಕರೆಂಟು ಸರ್ಕಾರದ್ದು. ಸರ್ಕಾರದ್ದನ್ನ ಕಳ್ಕಂಡು ನಿಂದನ್ನ ಉಳಿಸ್ಕಂಡು ಏನ್ ಮಾಡೀಯೆ?'

ಚಾರ್ಜಿಂಗ್‌ಗೆಂದೇ ಪ್ರತ್ಯೇಕ ದರದ ಮೀಟರ್ ಹಾಕಿಸಬಹುದು ಎಂದು ನಾನು ಬಾಯಿ ಹಾಕಿದೆ. 'ನೀವೇ ಓಡಾಡಿ ಹಾಕ್ಸಿ ಕೊಡಿ ಹಂಗಾರೆ' ಅಂದರು. ಅಲ್ಲಿಗೆ ನನ್ನ ಜ್ಞಾನ ಮುಗಿಯಿತು. ಈಗ ಆ ಮನೆಯಲ್ಲಿ ತಿಂಗಳ ಕೊನೆಯ ವಾರ ಫ್ರಿಜ್ ಆಫ್, ಸ್ಕೂಟರ್ ಆನ್. ಮೊಸರು ಹುಳಿಯಾದರೂ ಹುಡುಗನ ರೇಂಜ್ ಕಡಿಮೆಯಾಗುವುದಿಲ್ಲ.

ಹೆದ್ದಾರಿಗೂ ಬ್ರೋಷರ್ ರೇಂಜ್ ಇದೆ. ಮೈಸೂರು–ಬೆಂಗಳೂರು 118 ಕಿಲೋಮೀಟರ್ ಇನ್ನು ಮೇಲೆ 75 ನಿಮಿಷ ಎಂದು 2023ರ ಮಾರ್ಚ್‌ನಲ್ಲಿ ಮದ್ದೂರಿನ ಬಳಿ ಉದ್ಘಾಟನೆಯಾಯಿತು. ಗಂಟೆಗೆ ಸರಾಸರಿ 94ರ ವೇಗದಲ್ಲಿ, ಟೋಲ್‌ನಲ್ಲೂ ನಿಲ್ಲದೆ ಹೋದರೆ ಆಯಿತು. ನೂರು ದಾಟಿದರೆ ಕ್ಯಾಮೆರಾ ಫೋಟೊ ತೆಗೆದು ದಂಡದ ಚೀಟಿ ಕಳಿಸುತ್ತದೆ. ಆ ವೇಗದಲ್ಲಿ ಎಲೆಕ್ಟ್ರಿಕ್ ಕಾರಿನ ಪರ್ಸೆಂಟೇಜ್ ಇಳಿಯುವುದನ್ನು ನೋಡುತ್ತಾ ಕೂತರೆ ಬಿಡದಿ ಬರುವಷ್ಟರಲ್ಲಿ ನಾಸ್ತಿಕನೂ ಚಾಮುಂಡಿಗೆ ಹರಕೆ ಹೊರುತ್ತಾನೆ. ಸ್ಕೂಟರಿಗೆ ಆ ಆತಂಕವೂ ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಮುಖ್ಯ ರಸ್ತೆಯೇ ನಿಷಿದ್ಧ. ಸರ್ವಿಸ್ ರಸ್ತೆಯಲ್ಲಿ ಕುಣಿಯುತ್ತಾ ಬಂದು ಮದ್ದೂರಿನ ಹೋಟೆಲೊಂದರಲ್ಲಿ ಪ್ಲಗ್ ಇದೆಯೇ ಎಂದು ಕೇಳಿದ್ದಕ್ಕೆ ಗಲ್ಲಾದಲ್ಲಿದ್ದವರು ಕೈಮುಗಿದರು: 'ವಡೆ ಎಷ್ಟಾದ್ರೂ ತಿನ್ನಿ ಸ್ವಾಮಿ, ಸಾಲಾನೂ ಹೇಳಿ. ಕರೆಂಟ್ ಒಂದು ಕೇಳ್ಬೇಡಿ.'

ಇಷ್ಟರ ನಡುವೆ ಸರ್ಕಾರ ಪೆಟ್ರೋಲನ್ನೂ ಬಿಟ್ಟಿಲ್ಲ. ಅದಕ್ಕೆ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್, ಅಂದರೆ ಕಬ್ಬಿನಿಂದಲೂ ತೆಗೆಯುವ ಮದ್ಯಸಾರ, ಬೆರೆಸುವ ಗುರಿ 2030ಕ್ಕೆ ಇತ್ತು, 2025ರಲ್ಲೇ ಮುಟ್ಟಿದರು. ಆದ್ದರಿಂದ ಮಂಡ್ಯದ ರೈತ ಈಗ ದೇಶದ ಎರಡೂ ಇಂಧನಗಳ ವಾರಸುದಾರ: ನೆಲದ ಮೇಲೆ ಕಬ್ಬು, ನೆಲದ ಕೆಳಗೆ ಲಿಥಿಯಂ. ಒಂದು ಗೆದ್ದರೆ ಇನ್ನೊಂದು ಸೋಲಬೇಕು, ಆದರೆ ವೇದಿಕೆಯ ಮೇಲೆ ಎರಡಕ್ಕೂ ಜೈಕಾರ. ಈ ಸೌಭಾಗ್ಯವನ್ನು ನಾನು ಪಾಂಡವಪುರ ಕಡೆಯ ಒಬ್ಬ ಕಬ್ಬು ಬೆಳೆಗಾರರಿಗೆ ವಿವರಿಸಿದೆ. ಅವರು ಬೀಡಿ ಆರಿಸಿ, ಸಮಾಧಾನವಾಗಿ ಕೇಳಿದರು:

'ಅದಿರ್ಲಿ ಸ್ವಾಮಿ, ಹೋದ್ಸಲದ ಕಬ್ಬಿನ ಬಾಕಿ ಯಾವ ಆಪ್ನಲ್ಲಿ ಬತ್ತದೆ?'