ಸತ್ಯಾಂಶ: ರೈಲು ಅಪಘಾತ ಅಂದರೆ ಚಾಲಕನದ್ದೇ ತಪ್ಪಾ?

ಶಿವಮೊಗ್ಗ–ತಾಳಗುಪ್ಪ ರೈಲಿನಲ್ಲಿ ಓಡಾಡುವ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿದೆ: "ರೈಲು ಡಿಕ್ಕಿಯಾದರೆ ಚಾಲಕ ನಿದ್ದೆ ಹೋಗಿದ್ದ ಅಂತಲೇ ಅರ್ಥ." ಇದು ನಿಜವಲ್ಲ.

2023ರ ಜೂನ್ 2ರಂದು ಒಡಿಶಾದಲ್ಲಿ ಆದ ಬಾಲಸೋರ್ ರೈಲು ದುರಂತವನ್ನೇ ನೋಡಿ. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಹಸಿರು ಸಿಗ್ನಲ್ ಸಿಕ್ಕಿತ್ತು. ಹಳಿ ಮಾತ್ರ ಪಕ್ಕದ ಲೂಪ್ ಲೈನಿಗೆ (ರೈಲುಗಳನ್ನು ಬದಿಗೆ ನಿಲ್ಲಿಸುವ ಹಳಿಗೆ) ತಿರುಗಿತ್ತು. ಅಲ್ಲಿ ಗೂಡ್ಸ್ ರೈಲು ನಿಂತಿತ್ತು. ಬ್ರೇಕ್ ಹಾಕಿದರೂ ರೈಲು ಬಸ್ಸಿನ ಹಾಗೆ ಗಕ್ಕನೆ ನಿಲ್ಲುವುದಿಲ್ಲ, ಅಲ್ವಾ? ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೊಟ್ಟು ಮಾಡಿದ್ದು ಸಿಗ್ನಲ್ ವೈರಿಂಗ್ ಕೆಲಸದ ಲೋಪಗಳನ್ನು. ಅದೂ ಮನುಷ್ಯರದೇ ತಪ್ಪು. ಆದರೆ ಎಂಜಿನ್ನಿನಲ್ಲಿ ಕೂತವರದ್ದಲ್ಲ.

ಚಾಲಕರು ಕೆಂಪು ಸಿಗ್ನಲ್ ದಾಟಿ ಆದ ಅಪಘಾತಗಳೂ ಇವೆ. ತಾನಾಗಿಯೇ ಬ್ರೇಕ್ ಹಾಕುವ 'ಕವಚ್' ವ್ಯವಸ್ಥೆ ಬಂದಿದ್ದು ಅದಕ್ಕೇ.