ಟ್ರಯಲ್ ಮಾಡುವ ಡಾಕ್ಟರು ಪೇಷೆಂಟ್ ನೋಡೋದಿಲ್ವಾ?

ಕ್ಲಿನಿಕಲ್ ಟ್ರಯಲ್ (ಔಷಧ ನಿಜಕ್ಕೂ ಕೆಲಸ ಮಾಡುತ್ತದಾ ಎಂದು ಜನರಲ್ಲಿ ಪರೀಕ್ಷಿಸುವ) ಕೆಲಸ ಮಾಡುತ್ತೇನೆ ಅಂದ ತಕ್ಷಣ ವೈದ್ಯ ಗೆಳೆಯರೇ ಕೇಳುತ್ತಾರೆ, ‘ಹಾಗಾದ್ರೆ ಪೇಷೆಂಟ್ ನೋಡೋದು ಬಿಟ್ಯಾ?’ ವೈದ್ಯರಲ್ಲದವರು ಇನ್ನೂ ನೇರ: ‘ಜನರ ಮೇಲೆ ಪ್ರಯೋಗ ಮಾಡ್ತೀರಾ?’ ಎರಡನೆಯದೇ ಒಳ್ಳೆಯ ಪ್ರಶ್ನೆ. ಹೌದು, ಮಾಡುತ್ತೇವೆ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಕೊಡದೆ, ಸುಮ್ನೆ ನೋಡುತ್ತಾ ಕೂತವರಲ್ಲಿ ಡಾಕ್ಟರುಗಳೂ ಇದ್ದರು. ಆದ್ದರಿಂದ ಆ ಅನುಮಾನಕ್ಕೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ.

ನನಗೆ ಒಪ್ಪಿಗೆಯಾಗದ್ದು ಮೊದಲನೆಯದು. ಒಪಿಡಿಯಲ್ಲಿ ಕೂತವರದ್ದು ಕರುಣೆ, ಟ್ರಯಲ್ ಮಾಡುವವರದ್ದು ಬರೀ ಲೆಕ್ಕ ಎಂಬ ಭಾವನೆ ಅದರ ಹಿಂದಿದೆ.

ಒಂದು ಹಳೆಯ ಉದಾಹರಣೆ ಹೇಳುತ್ತೇನೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಕೆಲವರಿಗೆ ಎದೆಬಡಿತದ ನಡುವೆ ಹೆಚ್ಚುವರಿ ಬಡಿತ ಬರುತ್ತದೆ. ಅಂಥವರು ಹಠಾತ್ತನೆ ಸಾಯುವ ಅಪಾಯ ಜಾಸ್ತಿ. ಹಾಗಾದರೆ ಆ ಬಡಿತವನ್ನು ಅಡಗಿಸಿದರೆ ಜೀವ ಉಳಿಯಬೇಕು, ಅಲ್ವಾ? ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಅದನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ಇಸಿಜಿ ನೋಡಿದರೆ ಡಾಕ್ಟರಿಗೂ ಸಮಾಧಾನ, ರೋಗಿಗೂ ಸಮಾಧಾನ. ಇಂಥ ಮಾತ್ರೆ ಇರುವಾಗ ಅರ್ಧ ಜನಕ್ಕೆ ಪ್ಲಸೀಬೊ (ಔಷಧವೇ ಇಲ್ಲದ ಮಾತ್ರೆ) ಕೊಡುವುದು ಕ್ರೌರ್ಯ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಕಾಸ್ಟ್ ಎಂಬ ಟ್ರಯಲ್ ಆ ಪ್ರಶ್ನೆ ಎತ್ತಿಕೊಂಡಿತು. 1989ರಲ್ಲಿ ಈ ಎರಡು ಮಾತ್ರೆಗಳ ಭಾಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮಾತ್ರೆ ಪಡೆದ 755 ಜನರಲ್ಲಿ 63 ಸಾವು. ಪ್ಲಸೀಬೊ ಪಡೆದ 743 ಜನರಲ್ಲಿ 26.

ಅದಕ್ಕೂ ಮೊದಲು ಈ ಮಾತ್ರೆ ಬರೆದುಕೊಟ್ಟವರು ಕೆಟ್ಟವರಲ್ಲ. ಒಳ್ಳೆಯ ಮನಸ್ಸಿನಿಂದಲೇ ಬರೆದರು. ಒಪಿಡಿಯಲ್ಲಿ ಕೂತು ಒಬ್ಬೊಬ್ಬರನ್ನೇ ನೋಡುತ್ತಿದ್ದರೆ ಈ ವ್ಯತ್ಯಾಸ ಜನ್ಮದಲ್ಲಿ ಕಾಣುತ್ತಿರಲಿಲ್ಲ. ಹೃದ್ರೋಗಿ ಸತ್ತರೆ ಹೃದಯದ ಕಾಯಿಲೆಯಿಂದ ಸತ್ತ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಮಾತ್ರೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ನಿಲ್ಲಿಸುವ ವ್ಯವಸ್ಥೆಯನ್ನೂ ಗಮನಿಸಿ. ಇಂಥ ಟ್ರಯಲ್ಲಿನಲ್ಲಿ ಯಾರಿಗೆ ಯಾವ ಮಾತ್ರೆ ಹೋಗುತ್ತಿದೆ ಎಂದು ಅದನ್ನು ಮಾಡುವ ವೈದ್ಯರಿಗೆ ಗೊತ್ತಿರುವುದಿಲ್ಲ. ಬೇರೆಯೇ ಒಂದು ಸುರಕ್ಷತಾ ಮಂಡಳಿ ಆಗಾಗ ಅಂಕಿಗಳನ್ನು ತೆರೆದು ನೋಡುತ್ತದೆ. ಆ ಅಂಕಿ ಸರಿಯಿರಬೇಕಾದರೆ ಪ್ರತಿ ಆಸ್ಪತ್ರೆಯಲ್ಲೂ ಯಾರೋ ಒಬ್ಬರು ಫಾಲೋಅಪ್‌ಗೆ ಬಾರದವರಿಗೆ ಫೋನ್ ಮಾಡಿರಬೇಕು. ಸಾವು ಆದ ದಿನವೇ ಬರೆದಿಟ್ಟಿರಬೇಕು. ಫಾರ್ಮಿನ ಖಾಲಿ ಜಾಗವನ್ನು ಅಂದಾಜಿನಲ್ಲಿ ತುಂಬಿರಬಾರದು. ಬೇಸರ ತರಿಸುವ ಕೆಲಸವೇ, ಒಪ್ಪುತ್ತೇನೆ. (ಟ್ರಯಲ್ಲಿನ ದಿನನಿತ್ಯದ ಕೆಲಸ ನೋಡಿಕೊಳ್ಳುವ ಕೋಆರ್ಡಿನೇಟರ್‌ಗಳು ಈ ಬೇಸರದ ಪಾಲನ್ನೆಲ್ಲ ಹೊತ್ತುಕೊಂಡು ನಮಗೆ ಹೆಸರು ಬಿಟ್ಟುಕೊಡುತ್ತಾರೆ. ಅದು ಬೇರೆಯೇ ಪೋಸ್ಟ್ ಆಗಬೇಕು.) ಆದರೆ ನನ್ನ ಪ್ರಕಾರ ರೋಗಿಯ ಮೇಲಿನ ಕಾಳಜಿ ಈ ಫಾರ್ಮುಗಳಲ್ಲೇ ಇದೆ. ಅಂಕಿ ಕೆಟ್ಟರೆ, ಅಪಾಯ ಕಣ್ಣಿಗೆ ಬೀಳುವ ಹೊತ್ತಿಗೆ ಇನ್ನಷ್ಟು ಜನ ಹೋಗಿರುತ್ತಾರೆ.

ಚೆನ್ನಾಗಿ ನಡೆಸುವುದು ಅಂದರೆ ಕಾಗದ ಜಾಸ್ತಿ ಮಾಡುವುದಲ್ಲ. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಶುರುವಾದ, ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸಿದ ರಿಕವರಿ ಟ್ರಯಲ್ ಮಾಹಿತಿ ತುಂಬುವ ಕೆಲಸವನ್ನು ಬೇಕಂತಲೇ ಚಿಕ್ಕದಾಗಿಟ್ಟಿತು, ಸುಸ್ತಾದ ವಾರ್ಡ್ ಡಾಕ್ಟರಿಗೂ ಆಗುವಷ್ಟು. ಜೂನ್ ಹೊತ್ತಿಗೆ ಎರಡು ಉತ್ತರ ಸಿಕ್ಕವು. ಜಗತ್ತಿನ ಎಷ್ಟೋ ಕಡೆ ‘ಏನಾದ್ರೂ ಕೊಡೋಣ’ ಎಂದು ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಉಪಯೋಗವಿಲ್ಲ. ಹಳೆಯ, ಅಗ್ಗದ ಡೆಕ್ಸಾಮೆಥಸೋನ್‌ನಿಂದ ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆ.

ಕನ್ಸೆಂಟ್, ಅಂದರೆ ಟ್ರಯಲ್ ಸೇರಲು ರೋಗಿ ಕೊಡುವ ಒಪ್ಪಿಗೆಯ ವಿಷಯಕ್ಕೆ ಬರುತ್ತೇನೆ. ಈ ವೃತ್ತಿಯಲ್ಲಿ ನಿಜವಾಗಿ ಕಷ್ಟದ ಕೆಲಸ ಇದು. ಸಹಿ ಹಾಕಿಸುವುದು ಸುಲಭ. ‘ನೀವು ಹೇಳಿದ್ರೆ ಸೇರ್ತೀನಿ ಡಾಕ್ಟ್ರೇ’ ಅನ್ನುತ್ತಾರೆ ರೋಗಿಗಳು. ಕೇಳಲು ಹಿತವಾಗಿರುತ್ತದೆ. ಆದರೆ ಅದು ಒಪ್ಪಿಗೆಯಲ್ಲ, ನಂಬಿಕೆ. ಆ ನಂಬಿಕೆಯನ್ನು ಬಳಸಿಕೊಂಡು ಪೆನ್ನು ಮುಂದೆ ಚಾಚಿದರೆ ಮುಗಿಯಿತು. ಹಾಗಾಗಿ ಅವರಿಗೆ ಚಿಕಿತ್ಸೆ ಕೊಡದ ಇನ್ನೊಬ್ಬರಿಂದ ವಿವರಣೆ ಕೊಡಿಸುತ್ತೇನೆ. ಕಾಗದ ಮನೆಗೆ ತೆಗೆದುಕೊಂಡು ಹೋಗಿ ಎನ್ನುತ್ತೇನೆ. ಮರಳಿ ಬಂದಾಗ ‘ನಿಮಗೆ ಅರ್ಥವಾಗಿದ್ದನ್ನ ನನಗೆ ಹೇಳಿ’ ಎಂದು ಕೇಳುತ್ತೇನೆ. ಬೇಡ ಅಂದರೂ ಚಿಕಿತ್ಸೆ ಹೀಗೇ ಮುಂದುವರಿಯುತ್ತದೆ ಎಂಬುದನ್ನು ಕೊನೆಯ ಪುಟಕ್ಕೆ ಬಿಡದೆ ಮೊದಲೇ ಹೇಳುತ್ತೇನೆ.

ಆಗ ಒಂದು ಪ್ರಶ್ನೆ ಬರುತ್ತದೆ: ‘ಯಾವುದು ಒಳ್ಳೇದು ಅಂತ ನಿಮಗೇ ಗೊತ್ತಿಲ್ವಾ?’ ಗೊತ್ತಿಲ್ಲ. ಗೊತ್ತಿದ್ದರೆ ಈ ಟ್ರಯಲ್ ಮಾಡುವುದೇ ತಪ್ಪು. ರೋಗಿಯ ಮುಖ ನೋಡಿಕೊಂಡು ಈ ಮಾತು ಹೇಳಲು ನನಗೆ ಮೆಡಿಕಲ್ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ಡಾಕ್ಟರ್ ಅಂದರೆ ಗೊತ್ತಿರುವವನು ಎಂದೇ ಬೆಳೆಸುತ್ತಾರಲ್ಲ.

ವೃತ್ತಿಯಾಗಿ ನೋಡಿದರೆ ಇದಕ್ಕೆ ಸಿಗುವ ಬೆಲೆ ವಿಚಿತ್ರ. ಎಷ್ಟು ಜನರನ್ನು ಸೇರಿಸಿದಿರಿ, ಎಷ್ಟು ಪೇಪರ್ ಬಂತು, ಇವೆರಡನ್ನೇ ಎಣಿಸುತ್ತಾರೆ. ‘ಇದು ನಿಮಗೆ ಬೇಡ’ ಎಂದು ಎಷ್ಟು ಜನರನ್ನು ವಾಪಸ್ ಕಳಿಸಿದಿರಿ ಎಂದು ಬಡ್ತಿಯ ಸಂದರ್ಶನದಲ್ಲಿ ಯಾರೂ ಕೇಳುವುದಿಲ್ಲ. ಸೇರಿಸಿದವರ ಲೆಕ್ಕಕ್ಕೇ ಬಹುಮಾನ ಇಟ್ಟರೆ ಕನ್ಸೆಂಟ್ ಐದು ನಿಮಿಷದಲ್ಲಿ ಮುಗಿಯುವುದು ಸಹಜ ತಾನೇ?

ಇನ್ನೊಂದು ದೂರು. ಟ್ರಯಲ್ ಮುಗಿದ ಮೇಲೆ ಫಲಿತಾಂಶ ಜರ್ನಲ್‌ಗೆ ಹೋಗುತ್ತದೆ, ಸಮ್ಮೇಳನಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಬಂದು ರಕ್ತ ಕೊಟ್ಟವರಿಗೆ ಮಾತ್ರ ಎಷ್ಟೋ ಸಲ ಒಂದು ಪತ್ರವೂ ಹೋಗುವುದಿಲ್ಲ. ಸಂಶೋಧನೆಯಲ್ಲಿ ಭಾಗವಹಿಸಿದವರಿಗೆ ಫಲಿತಾಂಶ ತಿಳಿಯುವ ಅವಕಾಶ ಇರಬೇಕು ಎಂದು ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯಲ್ಲೇ ಇದೆ. ಔಷಧ ಕೆಲಸ ಮಾಡಲಿಲ್ಲ ಎಂದು ಹೇಳಲು ಸಂಕೋಚವಂತೆ! ನಾನು ಹೇಳಿ ನೋಡಿದ್ದೇನೆ. ಹೆಚ್ಚಿನವರು ಬೇಸರ ಮಾಡಿಕೊಳ್ಳುವುದಿಲ್ಲ. ‘ಹಾಗಾದ್ರೆ ಇನ್ಮೇಲೆ ಯಾರಿಗೂ ಅದನ್ನ ಕೊಡಲ್ಲ ಅಲ್ವಾ?’ ಎಂದು ಕೇಳುತ್ತಾರೆ.

ಈ ದಾರಿಗೆ ಬರಬೇಕೆಂದಿರುವ ಕಿರಿಯ ಡಾಕ್ಟರುಗಳು ಆಗಾಗ ಮೆಸೇಜ್ ಮಾಡುತ್ತಾರೆ, ಯಾವ ತಂಡ ಸೇರಲಿ ಎಂದು. ಪೇಪರ್‌ಗಳ ಪಟ್ಟಿ ಆಮೇಲೆ ನೋಡಿ. ಮೊದಲು ಅಲ್ಲಿನ ಕೋಆರ್ಡಿನೇಟರ್ ಜೊತೆ ಕೂತು ಮಾತಾಡಿ. ರಾತ್ರಿ ರೋಗಿಗೆ ತೊಂದರೆಯಾದರೆ ಯಾರು ಫೋನ್ ಎತ್ತುತ್ತಾರೆ, ಬೇಡ ಎಂದವರನ್ನು ಮತ್ತೆ ಮತ್ತೆ ಕೇಳುತ್ತಾರಾ, ಕಳೆದ ಟ್ರಯಲ್‌ನ ಫಲಿತಾಂಶವನ್ನು ರೋಗಿಗಳಿಗೆ ಹೇಗೆ ತಿಳಿಸಿದರು ಎಂದು ಕೇಳಿ. ಅವರು ಉತ್ತರಕ್ಕೆ ತಡಕಾಡಿದರೆ ಬೇರೆ ತಂಡ ಹುಡುಕಿ.